ಶೂನ್ಯ ಟಿಕೆಟ್ಟಿಗೆ ಅಂಕಲಗಿಯಿಂದ ಒಂದು ಬಹಿರಂಗ ಪತ್ರ

ಇವರಿಗೆ: ಶ್ರೀಮತಿ ಶೂನ್ಯ ಟಿಕೆಟ್ ಅವರು, ಟಿಕೆಟ್ ಯಂತ್ರದ ಹೊಟ್ಟೆ, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ, ಹುಬ್ಬಳ್ಳಿ.

ಇವರಿಂದ: ಅಂಕಲಗಿಯಲ್ಲಿ ಬಸ್ಸಿಗೆ ನಿಂತವರು, ತಾ. ಗೋಕಾಕ, ಜಿ. ಬೆಳಗಾವಿ.

ವಿಷಯ: ತಮಗೆ ಗೊತ್ತಿರುವುದನ್ನು ಊರಿಗೂ ಹೇಳುವ ಬಗ್ಗೆ.

ಮಾನ್ಯರೆ,

2023ರ ಜೂನ್ 11ರಂದು, ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಪುಕ್ಕಟೆ ಮಾಡಿದ ಶಕ್ತಿ ಯೋಜನೆಯ ಮಗಳಾಗಿ ತಾವು ಹುಟ್ಟಿದಾಗ ಅಂಕಲಗಿಯ ಹೆಣ್ಣುಮಕ್ಕಳು ಪಟ್ಟ ಖುಷಿಯಲ್ಲಿ ಸುಳ್ಳೇನಿಲ್ಲ. ಗೋಕಾಕದ ದವಾಖಾನೆ, ಬೆಳಗಾವಿಯ ಪ್ಯಾಟಿ, ಸವದತ್ತಿಯ ಎಲ್ಲಮ್ಮ ಎಲ್ಲ ಒಂದೇ ದಿನಕ್ಕೆ ಹತ್ತಿರ ಬಂದವು. 2025ರ ಜುಲೈ 14ರಂದು ತಮ್ಮ ಸಂಖ್ಯೆ 500 ಕೋಟಿ ಮುಟ್ಟಿತೆಂದು ಮುಖ್ಯಮಂತ್ರಿಗಳೇ ಬಸ್ಸಿನಲ್ಲಿ ಟಿಕೆಟ್ ಕೊಟ್ಟರು. ಅದಕ್ಕೆ ಆರು ತಿಂಗಳ ಮೊದಲು, ಜನವರಿ 5ರಿಂದ, ಬಸ್ ದರ ಶೇ 15ರಷ್ಟು ಏರಿತ್ತು. ಗಂಡಸರು ಗೊಣಗಿದರು. ಸೊನ್ನೆಗೆ ಶೇ 15 ಕೂಡಿಸಿದರೂ ಸೊನ್ನೆಯೇ ಎಂಬ ಲೆಕ್ಕವನ್ನು ಹೆಂಗಸರು ಮನೆಯಲ್ಲಿ ಬೇಕೆಂದೇ ಎರಡೆರಡು ಸಲ ಹೇಳಿದರು.

ನೋಡಲಿಕ್ಕೆ ತಾವು ಬೆರಳುದ್ದದ ಕಾಗದ. ಬಳೆಯ ಸಂದಿಗೆ ಸಿಕ್ಕಿಸಿಕೊಂಡರೆ ಇಳಿಯುವ ಊರು ಬರುವಷ್ಟರಲ್ಲಿ ಬೆವರಿಗೆ ಮುದ್ದೆ. ಬಿಸಿಲಿಗೆ ಹಿಡಿದರೆ ಅಕ್ಷರವೇ ಮಾಯ. ಆದರೆ ಮಾಯವಾಗುವ ಮೊದಲೇ ಹತ್ತಿದ್ದು ಎಲ್ಲಿ, ಇಳಿಯುವುದು ಎಲ್ಲಿ, ತಾರೀಕು ಯಾವುದು, ಗಂಟೆ ಎಷ್ಟು ಎಂಬುದೆಲ್ಲ ಯಂತ್ರದೊಳಗೆ ಸೇರಿರುತ್ತದೆ. ಹೆಸರಿಲ್ಲ, ಫೋನ್ ನಂಬರಿಲ್ಲ. ಆಧಾರ್ ಕಾರ್ಡ್ ಕಂಡಕ್ಟರನ ಕಣ್ಣಿಗೆ ಬಿದ್ದು ಮತ್ತೆ ಚೀಲ ಸೇರುತ್ತದೆ. ಸಾರಿಗೆ ಯೋಜನೆ ಮಾಡುವವರು ಮನೆ ಮನೆಗೆ ಜನ ಕಳಿಸಿ, ನಾಲ್ಕು ಪುಟದ ಪ್ರಶ್ನೆ ಕೇಳಿಸಿ ಕಲೆಹಾಕುವ ಮಾಹಿತಿ ಇದೇ. ತಾವು ಅದನ್ನು ದಿನಾ ಪುಕ್ಕಟೆ ಬರೆದುಕೊಳ್ಳುತ್ತೀರಿ.

ಬರೆದುಕೊಂಡು ಮಾಡುವುದೇನು? ಮೊತ್ತ ಕೂಡಿಸಿ ಸರ್ಕಾರಕ್ಕೆ ಬಿಲ್ಲು. ಅಲ್ಲಿಗೆ ತಮ್ಮ ಜನ್ಮ ಸಾರ್ಥಕ.

ಊರಿನವರ ಕಿವಿಗೆ ಬೀಳುವುದು ಕೋಟಿಯ ಲೆಕ್ಕ ಮಾತ್ರ. 500 ಕೋಟಿ ಎಂಬ ಅಂಕಿ ಭಾಷಣಕ್ಕೆ ಚಂದ, ಅದನ್ನು ಹಿಡಿದು ಅಂಕಲಗಿಗೆ ಒಂದು ಗಾಡಿ ಹೆಚ್ಚಿಸಲು ಬರುವುದಿಲ್ಲ. ಅದಕ್ಕೆ ಬೇಕಾದದ್ದು ಸಣ್ಣ ಅಂಕಿ: ಸೋಮವಾರ ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಇಲ್ಲಿ ಹತ್ತಿದವರು ಎಷ್ಟು, ಸುಳೇಭಾವಿಯಲ್ಲಿ ಇಳಿದವರು ಎಷ್ಟು, ಬೆಳಗಾವಿ ತನಕ ನಿಂತೇ ಹೋದವರು ಎಷ್ಟು. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಗೆ ಬೆಳಗಾವಿ ಸೇರಿತು. ಆ ಸಿಟಿಯ ಗೋಡೆ ಕಟ್ಟುವ, ಅಂಗಡಿ ಬಾಗಿಲು ತೆಗೆಯುವ, ಪಾತ್ರೆ ತಿಕ್ಕುವ ಕೈಗಳಲ್ಲಿ ಎಷ್ಟೋ ಕೈಗಳು ಬೆಳಿಗ್ಗೆ ಹಳ್ಳಿಯಿಂದಲೇ ಬರುತ್ತವೆ. ನಗರ ಸಾರಿಗೆಯ ನಕ್ಷೆ ಮಾತ್ರ ನಗರದ ಗಡಿ ಕಲ್ಲಿನ ಹತ್ತಿರ ಬಂದು ಕೂತುಬಿಡುತ್ತದೆ.

ಹಾಗಂತ ತಾವು ಸರ್ವಜ್ಞರೆಂದು ಅಂಕಲಗಿಯವರು ಹೊಗಳುತ್ತಿಲ್ಲ. ತಮಗೆ ಕಾಣುವುದು ಹತ್ತಿದವರಷ್ಟೇ. "ಜಾಗಾ ಇಲ್ಲವಾ ಯವ್ವಾ, ಹಿಂದಿನ ಗಾಡಿಗೆ ಬರ್ರಿ" ಎಂದು ಕಂಡಕ್ಟರ್ ಸೀಟಿ ಊದಿದಾಗ ಕೆಳಗೆ ಉಳಿದವರು ಯಾವ ಯಂತ್ರದಲ್ಲೂ ಇಲ್ಲ. ಗಾಡಿ ನಿಲ್ಲಿಸದೇ ಹೋದರೆ ಅಂಕಲಗಿಯಲ್ಲಿ ಹತ್ತಿದವರು ಸೊನ್ನೆ ಎಂದು ತಮ್ಮ ಕಡತ ಹೇಳುತ್ತದೆ. ಅಲ್ಲಿಗೆ ಈ ಊರಿಗೆ ಬಸ್ಸೇ ಬೇಡ ಎಂದೂ ಯಾರಾದರೂ ಅರ್ಥ ಮಾಡಿಕೊಂಡಾರು. ಪಾಸ್ ತೋರಿಸಿ ಹತ್ತುವ ಕಾಲೇಜು ಹುಡುಗನಿಗೆ ಟಿಕೆಟ್ಟೇ ಇಲ್ಲ. ಎರಡು ಸಲ ಬಾಗಿಲಲ್ಲಿ ಜೋತುಬಿದ್ದು, ಮೂರನೆಯ ಸಲ ಕೆಳಗೇ ಉಳಿದ ಮೇಲೆ ಅವನು ಅಪ್ಪನ ಹತ್ತಿರ ಸೆಕೆಂಡ್ ಹ್ಯಾಂಡ್ ಬೈಕಿಗೆ ಗಂಟು ಬೀಳುತ್ತಾನೆ. ಸುಸ್ಥಿರ ಸಾರಿಗೆ ಒಬ್ಬ ಗಿರಾಕಿಯನ್ನು ಕಳೆದುಕೊಳ್ಳುವುದು ಹೀಗೆ. ಅದಕ್ಕೆ ರಸೀದಿಯೂ ಇರುವುದಿಲ್ಲ.

ಉಳಿದವರಿಗೆ ಟಂಟಂ ಆಟೊ ಇದೆ, ಕ್ರೂಸರ್ ಜೀಪು ಇದೆ. 2022ರ ಜೂನ್ 26ರ ಬೆಳಿಗ್ಗೆ ಅಕ್ಕತಂಗೇರಹಾಳ ಮತ್ತು ಸುತ್ತಲಿನ ಹಳ್ಳಿಗಳ ಕೂಲಿಕಾರರನ್ನು ತುಂಬಿಕೊಂಡು ಬೆಳಗಾವಿಗೆ ಹೊರಟಿದ್ದ ಕ್ರೂಸರ್ ಕಣಬರ್ಗಿ ಹತ್ತಿರ ಬಳ್ಳಾರಿ ನಾಲಾಕ್ಕೆ ಉರುಳಿ ಏಳು ಮಂದಿ ಸತ್ತರು. ಅವರು ಹೊರಟಿದ್ದು ರೈಲು ಹಳಿಯ ಕೆಲಸಕ್ಕೆ. ಅಕ್ಕತಂಗೇರಹಾಳ ಅಂಕಲಗಿಯ ಮಗ್ಗುಲ ಊರು. ಆ ಏಳು ಜನರ ಬೆಳಗಿನ ಓಡಾಟ ಸರ್ಕಾರದ ಪುಸ್ತಕಕ್ಕೆ ಬಂದದ್ದು ಪೊಲೀಸ್ ಠಾಣೆಯ ಮೂಲಕ, ಪರಿಹಾರದ ಚೆಕ್ಕಿನ ಮೂಲಕ.

ಜನಗಣತಿಯನ್ನಾದರೂ ನಂಬೋಣವೆಂದರೆ ಅದರ ಕಥೆ ಬೇರೆ. ಕೆಲಸಕ್ಕೆ ಎಷ್ಟು ದೂರ ಹೋಗುತ್ತೀರಿ, ಯಾವುದರಲ್ಲಿ ಹೋಗುತ್ತೀರಿ ಎಂದು 2011ರ ಜನಗಣತಿ ಕೇಳಿತು. ಕೇಳಿದ್ದು 'ಇತರ ಕೆಲಸಗಾರ'ರನ್ನು ಮಾತ್ರ. ಒಕ್ಕಲುತನದವರು, ಹೊಲದ ಕೂಲಿಯವರು ಆ ಪ್ರಶ್ನೆಯ ಹೊರಗೆ. ಕಬ್ಬು ಕಡಿಯಲು, ಕಳೆ ತೆಗೆಯಲು ಹತ್ತು ಮೈಲಿ ಹೋಗಿಬರುವ ಹೆಂಗಸು ಲೆಕ್ಕದ ಪ್ರಕಾರ ಎಲ್ಲಿಗೂ ಹೋಗುವುದೇ ಇಲ್ಲ. ಆ ಹಳೆಯ ಅಂಕಿಯನ್ನೇ ಇಟ್ಟುಕೊಂಡು ಕೂತಿದ್ದಾಯಿತು. ಮುಂದಿನ ಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1.

ಇಂಥ ಲೆಕ್ಕವನ್ನು ಬೇರೆ ಊರುಗಳು ಮಾಡಿ ತೋರಿಸಿವೆ. ಕೀನ್ಯಾದ ನೈರೋಬಿಯಲ್ಲಿ ನಮ್ಮ ಟಂಟಂಗಳ ಅಣ್ಣಂದಿರಂಥ ಮಟಾಟು ಎಂಬ ಖಾಸಗಿ ಗಾಡಿಗಳಿವೆ. ಅವು ಎಲ್ಲೆಲ್ಲಿ ಓಡುತ್ತವೆ ಎಂಬುದಕ್ಕೆ ಸರಿಯಾದ ನಕ್ಷೆಯೇ ಇರಲಿಲ್ಲ. ನೈರೋಬಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಫೋನ್ ಹಿಡಿದು ಅವುಗಳಲ್ಲಿ ಕೂತು ಊರೆಲ್ಲ ಸುತ್ತಿದರು, ಅಮೆರಿಕದ ಎರಡು ವಿಶ್ವವಿದ್ಯಾಲಯಗಳ ಜೊತೆ ಸೇರಿ 2014ರಲ್ಲಿ ನಕ್ಷೆ ಹೊರತಂದರು. ನಗರಾಡಳಿತ ಅದನ್ನೇ ಅಧಿಕೃತ ನಕ್ಷೆ ಎಂದು ಒಪ್ಪಿಕೊಂಡಿತು. ದೆಹಲಿ ಸರ್ಕಾರ 2018ರಲ್ಲಿ ಬಸ್ಸುಗಳ ಮಾಹಿತಿಯನ್ನು ಎಲ್ಲರಿಗೂ ತೆರೆದಿಟ್ಟಿತು. ಅಂಕಲಗಿಯಲ್ಲಿ ಫೋನ್ ಹಿಡಿದ ಹುಡುಗರಿಗೆ ಬರವಿಲ್ಲ. ಸದ್ಯಕ್ಕೆ ಅವರು ಬಸ್ ಬರುವ ತನಕ ರೀಲ್ಸ್ ನೋಡುತ್ತಾರೆ.

ತಮ್ಮಂಥ ತುಂಡು ಕಾಗದದಿಂದ ಏನಾದೀತು ಎಂದು ಅನ್ನುವವರಿಗೆ 2025ರ ಫೆಬ್ರುವರಿ ನೆನಪಿರಬೇಕು. ಇದೇ ಅಂಕಲಗಿ ದಿಕ್ಕಿನ ಬಾಳೇಕುಂದ್ರಿಗೆ ಹೊರಟ ಬಸ್ಸಿನಲ್ಲಿ ಹುಡುಗಿಯೊಬ್ಬಳು ಜೊತೆಯ ಹುಡುಗನಿಗೂ ಸೇರಿಸಿ ಎರಡು ಶೂನ್ಯ ಟಿಕೆಟ್ ಕೇಳಿದಳು. ಅಲ್ಲಿಂದ ಎದ್ದ ಮಾತು ಕನ್ನಡ–ಮರಾಠಿಗೆ ತಿರುಗಿ, ಕಂಡಕ್ಟರ್‌ಗೆ ಏಟು ಬಿದ್ದು, ಎರಡು ರಾಜ್ಯಗಳ ನಡುವೆ ಬಸ್ಸುಗಳು ನಿಂತುಹೋದವು. ನಿಲ್ಲಿಸುವ ತಾಕತ್ತು ತಮಗಿದೆ ಎಂಬುದು ಖಾತ್ರಿಯಾಗಿದೆ. ಬಸ್ ಬಿಡಿಸುವ ತಾಕತ್ತನ್ನೂ ಒಮ್ಮೆ ತೋರಿಸಬಾರದೆ?

ಸಂಸ್ಥೆಗೆ ಈ ವಿದ್ಯೆ ಬರುವುದಿಲ್ಲ ಎನ್ನುವಂತೆಯೂ ಇಲ್ಲ. ಎಲ್ಲಮ್ಮನ ಗುಡ್ಡದ ಜಾತ್ರೆ ಬಂತೆಂದರೆ ಯಾವ ಹುಣ್ಣಿಮೆಗೆ ಎಷ್ಟು ಸ್ಪೆಷಲ್ ಗಾಡಿ ಎಂಬುದನ್ನು ಡೆಪೊದ ಹಳೆಯ ಕಂಟ್ರೋಲರ್ ಬೀಡಾ ಜಗಿಯುತ್ತಲೇ ಹೇಳುತ್ತಾನೆ. ದೇವಿಗೆ ಸಿಗುವ ಆ ಲೆಕ್ಕಾಚಾರದ ಅರ್ಧದಷ್ಟು ಸೋಮವಾರದ ಕಾಲೇಜಿಗೆ, ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬುವ ಹಂಗಾಮಿಗೆ ಸಿಕ್ಕರೂ ಸಾಕು.

ಆದ್ದರಿಂದ ಕೋರಿಕೆ ಇಷ್ಟು. ತಿಂಗಳಿಗೊಮ್ಮೆ, ಯಾವ ಸ್ಟೇಜಿನಲ್ಲಿ ಯಾವ ತಾಸಿಗೆ ಎಷ್ಟು ಜನ ಹತ್ತಿದರು, ಇಳಿದರು ಎಂಬ ಪಟ್ಟಿಯನ್ನು ಸಂಸ್ಥೆ ಎಲ್ಲರಿಗೂ ಸಿಗುವಂತೆ ಹಾಕಲಿ. ಜಾಗವಿಲ್ಲದೆ ಬಿಟ್ಟುಬಂದವರನ್ನು ಎಣಿಸಲು ಕಂಡಕ್ಟರನ ಯಂತ್ರಕ್ಕೆ ಒಂದು ಗುಂಡಿ ಕೊಡಲಿ; ಪಾಸಿನವರಿಗೆ ಇನ್ನೊಂದು. ಪಟ್ಟಿಯನ್ನು ಪಂಚಾಯಿತಿ ಗೋಡೆಗೂ ಅಂಟಿಸಲಿ. ತಪ್ಪಿದ್ದರೆ ಅಂಕಲಗಿಯ ಹೆಂಗಸರೇ ತಿದ್ದುತ್ತಾರೆ, ಸಂಬಳ ಕೇಳುವುದಿಲ್ಲ.

ಇತಿ ತಮ್ಮ ವಿಶ್ವಾಸಿಗಳು,
ಅಂಕಲಗಿಯಲ್ಲಿ ಬಸ್ಸಿಗೆ ನಿಂತವರು

ವಿ.ಸೂ.: ಇದನ್ನು ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿಯಾಗಿ ಕಳಿಸಬೇಕೆಂದಿತ್ತು. ಸಾಧ್ಯವಾದಷ್ಟು ಮಾಹಿತಿಯನ್ನು ಕೇಳುವ ಮೊದಲೇ ಪ್ರಕಟಿಸಬೇಕೆಂದು 2005ರ ಕಾಯ್ದೆಯ ನಾಲ್ಕನೆಯ ಕಲಮು ಹೇಳುತ್ತದೆ. ಆದರೆ ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಬಸ್ ಬರುವುದು ತಡವಾದ್ದರಿಂದ ಪತ್ರ ಉದ್ದವಾಗಿದೆ.