ಅಥ ಹೋಮ್‌ಸ್ಟೇ ಲಕ್ಷಣ ವಿಚಾರಃ

ಹೋಮ್‌ಸ್ಟೇ ಎಂದರೇನೆಂಬ ಜಿಜ್ಞಾಸೆ ಮಡಿಕೇರಿ ಪ್ರಾಂತ್ಯದಲ್ಲಿ ಶುಕ್ರವಾರ ಸಂಜೆ ಹುಟ್ಟಿ ಸೋಮವಾರ ಬೆಳಿಗ್ಗೆ ತಾನಾಗಿ ಶಮನವಾಗುತ್ತದೆ. ನಡುವಿನ ರಾತ್ರಿಗಳೇ ಪ್ರಸ್ತುತ ಗ್ರಂಥದ ವಿಷಯ.

ಮೊದಲು ಲಕ್ಷಣ. ಮಾಲೀಕನು ತಾನೂ ವಾಸವಿರುವ ಮನೆಯಲ್ಲಿ ದುಡ್ಡು ಕೊಟ್ಟ ಅತಿಥಿ ತಂಗುವುದೇ ಹೋಮ್‌ಸ್ಟೇ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸೂತ್ರಕಾರರು ಇದಕ್ಕೆ 1ರಿಂದ 6 ಕೋಣೆ, ಹೆಚ್ಚೆಂದರೆ 12 ಹಾಸಿಗೆ ಎಂದು ಗಡಿ ಹಾಕಿ, ಚಿನ್ನ ಬೆಳ್ಳಿ ಎಂಬ ಎರಡು ವರ್ಣಗಳನ್ನೂ ಕಲ್ಪಿಸಿದ್ದಾರೆ. ಬೀರುವಿನಲ್ಲಿ ತಲಾ ಹಾಸಿಗೆಗೆ 4 ಹ್ಯಾಂಗರ್ ಇರತಕ್ಕದ್ದು ಎಂಬಷ್ಟು ಸೂಕ್ಷ್ಮಕ್ಕೂ ಅವರು ಇಳಿದಿದ್ದಾರೆ. ಹ್ಯಾಂಗರುಗಳು ನಾಲ್ಕೂ ಸಿಗುತ್ತವೆ. ಸಿಗದವನು ಮಾಲೀಕ.

ಇಲ್ಲೇ ಅವ್ಯಾಪ್ತಿ ದೋಷ. ಮಾಲೀಕ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದು, ತೋಟದ ಮನೆಯ ಬೀಗದಕೈ ಮ್ಯಾನೇಜರನ ಜೇಬಿನಲ್ಲಿದ್ದರೆ ಲಕ್ಷಣವು ಲಕ್ಷ್ಯವನ್ನು ಮುಟ್ಟದು. ಪೂರ್ವಪಕ್ಷಿ ಹೇಳುತ್ತಾನೆ: "ಮಾಲೀಕನು ವಾಟ್ಸಾಪಿನಲ್ಲಿ ಸದಾ ಸನ್ನಿಹಿತನು. ಸರ್ವವ್ಯಾಪಿಗೆ ವಾಸಸ್ಥಳದ ಹಂಗೇಕೆ?" ಸಿದ್ಧಾಂತಿಯ ಉತ್ತರ: "ರಾತ್ರಿಯಾದರೆ ಸ್ವಿಚ್ ಆಫ್ ಆಗುವ ದೇವರು ಯಾವ ಆಗಮದಲ್ಲಿದ್ದಾನೆ, ತೋರಿಸು." ಅತಿವ್ಯಾಪ್ತಿಯೂ ಉಂಟು. ಅಕ್ಕ ತಿಂಗಳ ಖರ್ಚಿಗೆ ದುಡ್ಡು ಕೊಟ್ಟು ಪಿಯುಸಿ ಓದಲು ತಮ್ಮನ ಮನೆಯಲ್ಲಿ ಬಿಟ್ಟ ಮಗನೂ ಈ ಲಕ್ಷಣದೊಳಗೆ ಬಂದುಬಿಡುತ್ತಾನೆ. ಸೋದರಮಾವನಿಗೆ ಲೈಸೆನ್ಸ್ ಬೇಕಾದೀತು.

ಇನ್ನು ಸ್ವಾಮ್ಯವಾದಿಗಳು. "ನನ್ನ ಮನೆ, ನನ್ನಿಷ್ಟ" ಎಂಬ ಏಕಸೂತ್ರೀ ದರ್ಶನ ಇವರದು. ಆದರೆ 1978ರ 44ನೆಯ ತಿದ್ದುಪಡಿಯು ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಂಕ್ತಿಯಿಂದ ಎಬ್ಬಿಸಿ, 300ಎ ವಿಧಿಯ ಎಲೆಗೆ ಕೂರಿಸಿತು. ಊಟ ತಪ್ಪಿಲ್ಲ. ಬಡಿಸುವ ಕ್ರಮ ಮಾತ್ರ ಕಾನೂನಿನದು. ಹಾಗೆಂದು ಇವರನ್ನು ಕಂಡು ನಗುವುದೂ ತರವಲ್ಲ. ಮಳೆಗೆ ಕಾಫಿ ಉದುರಿ, ಮೆಣಸಿನ ಬಳ್ಳಿ ಕೊಳೆತ ವರ್ಷ ಮಕ್ಕಳ ಫೀಸು ಕಟ್ಟಿದ್ದು ಹಿತ್ತಿಲ ಕಡೆಯ ಎರಡು ಕೋಣೆಗಳೇ ಎಂಬ ಮನೆಗಳು ಉಂಟು. ಈ ಭಾಷ್ಯಕಾರನ ತಕರಾರು ಏಳನೆಯ ಕೋಣೆಯಿಂದ ಶುರುವಾಗುತ್ತದೆ, ಈಜುಕೊಳದ ಹತ್ತಿರ ತಾರಕಕ್ಕೇರುತ್ತದೆ.

ಮತಭೇದಗಳು ಮೂರು. ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರಿನಿಂದ ಬಿಗಿಯಾಗಿ ಜಾರಿಗೆ ತಂದ ಮತದಲ್ಲಿ, 30 ದಿನಕ್ಕಿಂತ ಕಡಿಮೆ ಬಾಡಿಗೆಯಾದರೆ ಮನೆಯವರು ಜೊತೆಗಿರಬೇಕು, ಅತಿಥಿಗಳು ಇಬ್ಬರನ್ನು ಮೀರಬಾರದು, ಒಳಬಾಗಿಲುಗಳಿಗೆ ಬೀಗ ಕೂಡದು. ಅತಿಥಿ ಆತಿಥೇಯರ ಭೇದ ಮಿಥ್ಯೆಯೆಂಬ ಶುದ್ಧ ಅದ್ವೈತವಿದು. ಬಾರ್ಸಿಲೋನಾದವರು ಶೂನ್ಯವಾದಿಗಳು: ಇರುವ 10,101 ಪ್ರವಾಸಿ ಅಪಾರ್ಟ್‌ಮೆಂಟುಗಳ ಪರವಾನಗಿಗಳನ್ನು 2028ರ ನವೆಂಬರಿನ ಹೊತ್ತಿಗೆ ಇಲ್ಲವಾಗಿಸುವುದಾಗಿ 2024ರಲ್ಲಿ ಸಾರಿದರು. ನಮ್ಮದು ಕಟ್ಟಾ ದ್ವೈತ. ಕಡತದ ಹೋಮ್‌ಸ್ಟೇ ಬೇರೆ, ತೋಟದ ಹೋಮ್‌ಸ್ಟೇ ಬೇರೆ. ಎರಡೂ ಸತ್ಯ, ಎರಡೂ ನಿತ್ಯ, ಎಂದಿಗೂ ಒಂದಾಗವು.

ಹಾಗಾದರೆ ನಿಯಮಭಂಗವನ್ನು ಅರಿಯುವ ಪ್ರಮಾಣ ಯಾವುದು? ಪ್ರತ್ಯಕ್ಷ ಕಷ್ಟ, ಏಕೆಂದರೆ ತಪಾಸಣೆಯ ಜೀಪು ಹೊರಡುವ ಮೊದಲೇ ಸುದ್ದಿ ಹೊರಟಿರುತ್ತದೆ. ಅನುಮಾನವೂ ಕೈಕೊಡುತ್ತದೆ. ಹೊಗೆಯಿದ್ದಲ್ಲಿ ಬೆಂಕಿ ಎಂದು ತಾರ್ಕಿಕರು ಬೆಟ್ಟವನ್ನೇ ಉದಾಹರಣೆ ಕೊಟ್ಟರು. ಪಾಪ, ಅವರು ಜುಲೈ ತಿಂಗಳ ಮಡಿಕೇರಿ ನೋಡಿರಲಿಲ್ಲ. ಇಲ್ಲಿ ಮಂಜು ಯಾವುದು, ಕ್ಯಾಂಪ್‌ಫೈರಿನ ಹೊಗೆ ಯಾವುದು ಎಂದು ನಿರ್ಣಯಿಸುವಷ್ಟರಲ್ಲಿ ಪಂದಿಕರಿ ಖಾಲಿಯಾಗಿರುತ್ತದೆ.

ಉಳಿದದ್ದು ಶಬ್ದಪ್ರಮಾಣ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದೆಂದು 2000ದ ನಿಯಮಾವಳಿ ಹೇಳುತ್ತದೆ. ಉದಾಹರಣೆಗೆ, ರಾತ್ರಿ ಹನ್ನೊಂದೂವರೆಗೆ ಪಕ್ಕದ ತೋಟದ ಅಜ್ಜಿ ಬೆಂಗಳೂರಿನ ಮಾಲೀಕನಿಗೆ ಫೋನ್ ಹಚ್ಚಿದರೆಂದು ಇಟ್ಟುಕೊಳ್ಳಿ.

"ಅಯ್ಯೋ, ಕ್ಷಮಿಸಿ ಅಜ್ಜಿ. ಈಗಲೇ ಮ್ಯಾನೇಜರ್‌ಗೆ ಹೇಳಿ ಹಾಡು ನಿಲ್ಲಿಸ್ತೀನಿ."

"ಹಾಡ್ತಾ ಇರೋದೇ ಅವನು ಕಣಪ್ಪ."