‘ಫೋಟೋ ಎಡಗಡೆಯಿಂದ ತೆಗೀರಿ, ಬಲಗಡೆ ಜಿಪ್ಪಿದೆ’

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ವೀಕಿ ವಾಚೀ ಎಂಬ ಬುಗ್ಗೆಯಿದೆ. 1947ರಿಂದ ಅಲ್ಲಿ ಮತ್ಸ್ಯಕನ್ಯೆಯರು ನೀರೊಳಗೆ ಆಟ ಆಡಿ ತೋರಿಸುತ್ತಿದ್ದಾರೆ. ಅದಕ್ಕೆ ಹತ್ತಿರದ ಊರೊಂದರ ಹಿತ್ತಿಲಲ್ಲಿ, ಬಟ್ಟೆ ಒಣಗಿಸುವ ತಂತಿಯ ಮೇಲೆ ನೇತುಬಿದ್ದಿದ್ದ ಬಾಲವೊಂದು ನಮ್ಮೊಡನೆ ಮಾತಾಡಲು ಒಪ್ಪಿತು. ಹತ್ತು ವರ್ಷದ ಮಗಳಿಗೆಂದು ತಾಯಿಯೊಬ್ಬರು ಮನೆಯಲ್ಲೇ ಹೊಲಿದ ಬಾಲ. ಬಣ್ಣ ನವಿಲಿನದು, ಸೊಂಟ ಎಲಾಸ್ಟಿಕ್ಕಿನದು, ಬಿಗುಮಾನ ಸ್ವಂತದ್ದು.

ನಾವು: ನಮಸ್ಕಾರ. ಕನ್ನಡದಲ್ಲೇ ಮಾತಾಡಬಹುದೇ?

ಬಾಲ: ಧಾರಾಳವಾಗಿ. ನೈಲಾನಿಗೆ ಸ್ಪ್ಯಾಂಡೆಕ್ಸ್ ಬೆರೆಸಿದ ಬಟ್ಟೆ ನಾನು. ಉದ್ದಕ್ಕೂ ಹಿಗ್ಗುತ್ತೇನೆ, ಅಡ್ಡಕ್ಕೂ ಹಿಗ್ಗುತ್ತೇನೆ. ಕನ್ನಡ ಕೇಳಿ ಹಿಗ್ಗದೆ ಇರುತ್ತೇನೆಯೇ?

ನಾವು: ತಮ್ಮ ಜನನ ಹೇಗಾಯಿತು?

ಬಾಲ: ನೆಲದ ಮೇಲೆ. ಹುಡುಗಿಯ ಕಾಲು ಜೋಡಿಸಿ ದೊಡ್ಡ ಕಾಗದದ ಮೇಲೆ ಮಲಗಿಸಿದರು. ಸಿನಿಮಾದಲ್ಲಿ ಪೊಲೀಸರು ಹೆಣದ ಸುತ್ತ ಸೀಮೆಸುಣ್ಣದ ಗೆರೆ ಎಳೆಯುತ್ತಾರಲ್ಲ, ಹಾಗೆ ಸುತ್ತ ಗೆರೆ ಎಳೆದರು. ಆಮೇಲೆ ಗೆರೆಗಿಂತ ಒಳಕ್ಕೇ ಕತ್ತರಿ ಆಡಿಸಿದರು. ಈ ಬಟ್ಟೆ ಮೈಗಿಂತ ಚಿಕ್ಕದಿದ್ದರೇ ಚೆಂದ. ಸಡಿಲವಾದರೆ ಒಳಗೆ ನೀರು ತುಂಬಿಕೊಳ್ಳುತ್ತದೆ, ಹುಡುಗಿ ಅಷ್ಟನ್ನೂ ಎಳೆದುಕೊಂಡು ಈಜಬೇಕು. ಮೊದಲು ಕಿಟಕಿಯ ಪರದೆಗೆ ಹಾಕುವಂಥ ನೇರ ಹೊಲಿಗೆ ಹಾಕಿದರು. ಹುಡುಗಿ ಕಾಲು ತೂರಿಸಿದ್ದೇ ತಡ, ದಾರ ಪಟಪಟನೆ ಕಿತ್ತುಬಂತು. ಬಟ್ಟೆ ಹಿಗ್ಗಿದರೆ ಸಾಕೇ, ಹೊಲಿಗೆ ಹಿಗ್ಗಬೇಡವೇ? ಎಲ್ಲ ಬಿಚ್ಚಿ ಪಾಲಿಯೆಸ್ಟರ್ ದಾರದಲ್ಲಿ ಜಿಗ್‌ಜಾಗ್ ಹೊಲಿದರು. ಸೂಜಿಯನ್ನೂ ಬದಲಿಸಿದರು. ಚೂಪು ಸೂಜಿ ನನ್ನ ಎಳೆಗಳನ್ನೇ ಕತ್ತರಿಸುತ್ತದೆ, ಮೊಂಡು ಮೊನೆಯದು ಎಳೆಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತದೆ. ಪತ್ರಕರ್ತರೂ ಅಂಥದ್ದನ್ನೇ ತರುತ್ತಾರೆ ಅಂತ ನಂಬಿ ಒಪ್ಪಿಕೊಂಡೆ.

ನಾವು: ಮೈಮೇಲಿನ ಹುರುಪೆಗಳು ಅದ್ಭುತವಾಗಿವೆ.

ಬಾಲ: ಗಮನಿಸಿದಿರಿ! ಬಲೆಯಂಥ ಹೆಣಿಗೆಯ ಕಾಲುಚೀಲ ಇರುತ್ತದಲ್ಲ, ಅದನ್ನು ನನ್ನ ಮೇಲೆ ಬಿಗಿದು, ಸ್ಪಂಜಿನಲ್ಲಿ ಬಣ್ಣ ಅದ್ದಿ ತಟ್ಟಿದರು. ಬಲೆ ತೆಗೆದರೆ ಸಾಲುಸಾಲು ಹುರುಪೆ. ನಮ್ಮ ಕುಲದವರನ್ನು ಹಿಡಿಯುವ ಬಲೆಯಿಂದಲೇ ನನಗೆ ಶೃಂಗಾರ, ಹೇಳಿಕೊಳ್ಳಲು ನಾಚಿಕೆ. ಅಂಚಿಗೆ ಗಾಢ, ನಡುವಿಗೆ ತಿಳಿ. ಇಷ್ಟರಿಂದಲೇ ದಪ್ಪ ಕಾಲೂ ತೆಳ್ಳಗೆ ಕಾಣುತ್ತದೆ. ಬಣ್ಣ ಹಚ್ಚುವಾಗ ನನ್ನನ್ನು ರಟ್ಟಿನ ಮೇಲೆ ಎಳೆದು ಹಿಗ್ಗಿಸಿಯೇ ಹಚ್ಚಬೇಕು. ಸುಮ್ಮನೆ ಮೇಜಿನ ಮೇಲೆ ಹರಡಿ ಹಚ್ಚಿದರೆ, ಹಾಕಿಕೊಂಡ ದಿನವೇ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು.

ನಾವು: ಚಮಕಿ ಕಾಣುತ್ತಿಲ್ಲ?

ಬಾಲ: ಇತ್ತು. ಒಂದು ಸಂಜೆಯೆಲ್ಲ ಕೂತು ಅಂಟಿಸಿದ್ದರು. ಈಗ ಅಷ್ಟೂ ಈಜುಕೊಳದ ಫಿಲ್ಟರಿನಲ್ಲಿದೆ. ಆ ಫಿಲ್ಟರ್ ನನಗಿಂತ ಚೆನ್ನಾಗಿ ಹೊಳೆಯುತ್ತಿದೆ ಅಂತ ಕೇಳಿದ್ದೇನೆ.

ನಾವು: ಈಜುವುದು ಮಾತ್ರ ತಾವೇ ತಾನೆ?

ಬಾಲ: (ತುಸು ಮೌನ) ನನ್ನ ತುದಿಯೊಳಗೆ ಮೊನೊಫಿನ್ ಅಂತ ಒಂದಿದೆ. ಎರಡು ಪಾದಕ್ಕೂ ಸೇರಿಸಿ ಒಂದೇ ಹಲಗೆ. ಹುಡುಗಿ ಸೊಂಟದಿಂದ ಬಳುಕಿದರೆ ಅದು ನೀರನ್ನು ಹಿಂದಕ್ಕೆ ತಳ್ಳುತ್ತದೆ. ದುಡಿಮೆ ಅದರದು, ಹೆಸರು ನನ್ನದು. ನಿಮ್ಮ ಕಡೆ ಸರ್ಕಾರಿ ಕಾಮಗಾರಿಗಳ ಉದ್ಘಾಟನೆ ನೋಡಿದ್ದೀರಲ್ಲ?

ನಾವು: ತಮ್ಮ ವಂಶದ ಬಗ್ಗೆ ಎರಡು ಮಾತು.

ಬಾಲ: ಆಸ್ಟ್ರೇಲಿಯಾದ ಆನೆಟ್ ಕೆಲರ್‌ಮನ್ 1911ರಲ್ಲೇ ಬಾಲ ಹಾಕಿಕೊಂಡು ‘ದಿ ಮರ್ಮೇಯ್ಡ್’ ಎಂಬ ಸಿನಿಮಾದಲ್ಲಿ ಈಜಿದಳು. ಬಾಲ್ಯದಲ್ಲಿ ಅವಳ ಕಾಲು ಬಲವಿಲ್ಲದೆ ಉಕ್ಕಿನ ಪಟ್ಟಿ ಕಟ್ಟಿದ್ದರು, ಕಾಲಿಗೆ ಶಕ್ತಿ ಬರಲೆಂದು ಈಜಿಗೆ ಹಾಕಿದರು. ಪಟ್ಟಿ ಬಿಚ್ಚಿಸಿಕೊಂಡವಳು ದೊಡ್ಡವಳಾಗಿ ತಾನೇ ಎರಡೂ ಕಾಲನ್ನು ಸೇರಿಸಿ ಕಟ್ಟಿಕೊಂಡಳು ನೋಡಿ! ವೀಕಿ ವಾಚೀಯನ್ನು ಶುರು ಮಾಡಿದವನು ನ್ಯೂಟನ್ ಪೆರಿ. ನೀರಿನ ಕೆಳಗೆ ರಬ್ಬರ್ ಕೊಳವೆಯಿಂದ ಉಸಿರು ಎಳೆದುಕೊಳ್ಳುತ್ತ, ನಗುತ್ತ, ಬಾಳೆಹಣ್ಣು ತಿನ್ನುತ್ತ ಇರುವುದನ್ನು ಹುಡುಗಿಯರಿಗೆ ಕಲಿಸಿದ. ಆಗ ರಸ್ತೆಯಲ್ಲಿ ಕಾರುಗಳೇ ವಿರಳ. ಕಾರಿನ ಸದ್ದು ಕೇಳಿದರೆ ಈಜುಡುಗೆಯಲ್ಲೇ ರಸ್ತೆಗೆ ಓಡಿ ಕೈಬೀಸಿ ಕರೆದು, ಮತ್ತೆ ನೀರಿಗೆ ಹಾರುತ್ತಿದ್ದರಂತೆ. ಬಾಲ ತೊಟ್ಟಿದ್ದರೆ ಓಡುವುದು ಹೇಗೆ?

ನಾವು: ಆಂಡರ್ಸನ್ ಕಥೆಯ ಪುಟ್ಟ ಮತ್ಸ್ಯಕನ್ಯೆ ತಮ್ಮ ಆದರ್ಶವೇ?

ಬಾಲ: ಅವಳ ಹೆಸರು ಎತ್ತಬೇಡಿ. 1837ರ ಆ ಕಥೆಯಲ್ಲಿ ಬಾಲ ಕಳೆದುಕೊಳ್ಳಲು ದನಿಯನ್ನೇ ಕೊಟ್ಟಳು, ನಾಲಿಗೆ ಕತ್ತರಿಸಿಕೊಂಡಳು. ಈಗಿನವರು ದುಡ್ಡು ಕೊಟ್ಟು ಬಾಲ ತಂದುಕೊಳ್ಳುತ್ತಾರೆ. ದನಿ ಮಾತ್ರ ಹಾಗೇ ಇರುತ್ತದೆ, ಇಡೀ ಈಜುಕೊಳಕ್ಕೆ ಕೇಳಿಸುತ್ತದೆ. ಕೋಪನ್‌ಹೇಗನ್ನಿನಲ್ಲಿ 1913ರಿಂದ ಬಂಡೆಯ ಮೇಲೆ ಕೂತಿರುವ ಅವಳ ಕಂಚಿನ ಪ್ರತಿಮೆಯನ್ನೇ ಸರಿಯಾಗಿ ನೋಡಿ. ಎರಡು ಕಾಲಿವೆ! ಮೀನಿನ ರೆಕ್ಕೆ ಇರುವುದು ಕೆಳತುದಿಯಲ್ಲಿ ಮಾತ್ರ.

ನಾವು: ಕೆನಡಾದ ಎಡ್ಮಂಟನ್ ನಗರ 2015ರಲ್ಲಿ ತನ್ನ ಈಜುಕೊಳಗಳಿಗೆ ತಮ್ಮಂಥವರು ಬರಕೂಡದೆಂದು ಹೇಳಿತು. ಅದನ್ನು ಕೇಳಿ ಅವಮಾನವಾಗಲಿಲ್ಲವೇ?

ಬಾಲ: ಮೊದಲು ಸಿಟ್ಟು ಬಂತು. ಆಮೇಲೆ ನಾನು ನೀರಿಗಿಳಿದ ಮೊದಲ ದಿನ ನೆನಪಾಯಿತು. ನನ್ನೊಳಗೆ ಗಾಳಿ ಸಿಕ್ಕಿಕೊಂಡಿತ್ತು. ಹುಡುಗಿ ದಡದಿಂದ ಜಾರಿದಳು. ಗಾಳಿ ಕಾಲನ್ನು ಮೇಲೆತ್ತಿತು, ತಲೆ ಕೆಳಕ್ಕೆ ಹೋಯಿತು. ತಾಯಿ ಎದೆಮಟ್ಟದ ನೀರಿನಲ್ಲಿ ಪಕ್ಕದಲ್ಲೇ ನಿಂತಿದ್ದರಿಂದ ನಾನು ಇವತ್ತು ತಮಾಷೆಯಾಗಿ ಮಾತಾಡುತ್ತಿದ್ದೇನೆ. ಮೆಲ್ಲಗೆ ಇಳಿದು, ಅಂಗೈಯಲ್ಲಿ ಒತ್ತುತ್ತ ಗಾಳಿಯನ್ನು ಸೊಂಟದಿಂದ ಹೊರಬಿಡಬೇಕು ಅಂತ ಆಮೇಲೆ ಕಲಿತರು. ಹುಡುಗಿಗೆ ಬಾಲವಿಲ್ಲದೆ ಈಜು ಚೆನ್ನಾಗಿ ಬರುತ್ತದೆ. ಬಾರದವರು ನನ್ನನ್ನು ತೊಡಬಾರದು, ಒಬ್ಬಂಟಿಯಾಗಿ ಯಾರೂ ತೊಡಬಾರದು. ಈ ಜಿಪ್ ಕೂಡ ಆ ದಿನದ ನಂತರ ಬಂದದ್ದು. ನೀರೊಳಗೇ ಎಳೆದು ಕಾಲು ಬಿಡಿಸಿಕೊಳ್ಳುವುದನ್ನು ಹುಡುಗಿಗೆ ಬೇಸರ ಬರುವಷ್ಟು ಅಭ್ಯಾಸ ಮಾಡಿಸಿದರು. ನನ್ನ ಮೈಯಲ್ಲಿ ಬುದ್ಧಿ ಇರುವ ಜಾಗ ಅದೊಂದೇ.

ನಾವು: ಹಾಗಿದ್ದರೆ ಫೋಟೋದಲ್ಲಿ ಅದನ್ನೇಕೆ ಮುಚ್ಚಿಡುತ್ತೀರಿ?

ಬಾಲ: ಜಿಪ್ ಇರುವ ಮೀನಿಗೆ ಯಾರು ಲೈಕ್ ಒತ್ತುತ್ತಾರೆ ಸ್ವಾಮಿ? ಚಮಕಿಗೆ ಒಂದು ಸಂಜೆ ಕೂತವರು ಜಿಪ್ ಹಾಕಲು ಒಂದು ಅಪಘಾತಕ್ಕೆ ಕಾದರು. ನಾನು ಹೇಳಿದೆ ಅಂತ ಬರೆಯಬೇಡಿ.

ನಾವು: ನೆಲದ ಮೇಲೆ ಓಡಾಟ?

ಬಾಲ: ಅದು ಅಪ್ಪನ ವಿಭಾಗ. ಮನೆಯಿಂದ ನೀರಿನವರೆಗೆ ಅವರೇ ಎತ್ತಿಕೊಂಡು ಹೋಗಬೇಕು. ಕಳೆದ ಬೇಸಿಗೆಯಲ್ಲಿ ಅವರ ಸೊಂಟ ಹಿಡಿದುಕೊಂಡಿತು. ಸಿಲಿಕೋನ್ ಬಾಲವಾಗಿದ್ದರೆ ಕತೆ ಮುಗಿಯುತ್ತಿತ್ತು. ಆ ಸಿರಿವಂತ ದಾಯಾದಿಗಳ ತೂಕ ಹತ್ತು ಕೆಜಿ ದಾಟುತ್ತದೆ, ಬೆಲೆ ಸಾವಿರಾರು ಡಾಲರ್.

ನಾವು: ಮುಪ್ಪಿನ ಚಿಂತೆ ಇದೆಯೇ?

ಬಾಲ: ಕ್ಲೋರಿನ್ ನನ್ನ ಹಿಗ್ಗನ್ನು ದಿನದಿನಕ್ಕೆ ತಿನ್ನುತ್ತಿದೆ. ಈಜಿದ ಮೇಲೆ ಒಳ್ಳೆ ನೀರಿನಲ್ಲಿ ಜಾಲಾಡಿಸಿ ನೆರಳಿನಲ್ಲಿ ಹಾಕಬೇಕು. ಬಿಸಿಲು ಬಿದ್ದರೆ ಬಣ್ಣವೂ ಹೋಯಿತು, ಎಲಾಸ್ಟಿಕ್ಕೂ ಹೋಯಿತು. ತುದಿಗಳು ಕೊಳದ ಸಿಮೆಂಟಿಗೆ ಉಜ್ಜಿ ಆಗಲೇ ಎರಡು ತೇಪೆ ಕಂಡಿವೆ. ಹುಡುಗಿ ಬೇರೆ ಬೆಳೆಯುತ್ತಿದ್ದಾಳೆ. ಮುಂದಿನ ವರ್ಷ ನಾನು ತಂಗಿಯ ಪಾಲು. ಅವಳಿಗೆ ನೇರಳೆ ಬಣ್ಣ ಬೇಕಂತೆ, ಅದರ ಮೇಲೆ ಚಮಕಿ ಬೇಕಂತೆ.

ನಾವು: ಧನ್ಯವಾದ. ತಮ್ಮ ಸಮಯ ಬಹಳ ತೆಗೆದುಕೊಂಡೆವು, ಹೊರಡುತ್ತೇವೆ.

ಬಾಲ: ಅಯ್ಯೋ, ಈಗಲೇ ಏಳಬೇಡಿ! ಇನ್ನು ನಾಲ್ಕು ಪ್ರಶ್ನೆ ಕೇಳಿ.

ನಾವು: ಇನ್ನೇನಾದರೂ ಹೇಳುವುದು ಬಾಕಿ ಇದೆಯೇ?

ಬಾಲ: ಹೇಳುವುದೇನೂ ಇಲ್ಲ. ಬಿಸಿಲು ಈ ಕಡೆ ತಿರುಗಿದೆ. ನಿಮ್ಮ ನೆರಳು ಸರಿಯಾಗಿ ನನ್ನ ಸೊಂಟದ ಮೇಲೆ ಬೀಳುತ್ತಿದೆ.