ಐದು ಎಚ್‌ಪಿ ಅಂಕಲ್

ಬೆಂಗಳೂರಿನಲ್ಲಿ ಈಜುಕೊಳ ಇರುವ ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಒಬ್ಬ ಪಂಪು ಪಂಡಿತರು ಇದ್ದೇ ಇರುತ್ತಾರೆ. ಅವರು ಈಜುವುದಿಲ್ಲ, ನೀರಿಗೆ ಕಾಲು ಕೂಡ ಇಳಿಬಿಡುವುದಿಲ್ಲ. ಬೆಳಗಿನ ವಾಕಿಂಗ್ ಮುಗಿಸಿ ನೇರ ಪಂಪ್‌ರೂಮಿಗೆ ನುಗ್ಗುತ್ತಾರೆ. ಮೋಟರಿನ ಮೈ ಮುಟ್ಟಿ ಜ್ವರ ನೋಡುತ್ತಾರೆ. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿಗೂ ಹಿಡಿಯನ್ನು ಕಿವಿಗೂ ಕೊಟ್ಟು ಕಣ್ಣು ಮುಚ್ಚುತ್ತಾರೆ. ಆಮೇಲೆ ತೀರ್ಪು: “ಎಚ್‌ಪಿ ಸಾಲ್ದು.”

ನೀರು ಹಸಿರಾಗಿದೆಯೆ? ಎಚ್‌ಪಿ ಸಾಲದು. ಮಕ್ಕಳ ಕಣ್ಣು ಉರಿಯುತ್ತಿದೆಯೆ? ಎಚ್‌ಪಿ ಸಾಲದು. ಮೇಂಟೆನೆನ್ಸ್ ದುಡ್ಡು ಬಾಕಿ ಉಳಿದಿದ್ದಕ್ಕೂ ಅದೇ ಕಾರಣವೆಂದು ಅವರು ಇನ್ನೂ ಹೇಳಿಲ್ಲ, ಅಷ್ಟೆ.

ನಮ್ಮ ಅಂಕಲ್ ಕೋಲಾರದ ಕಡೆಯವರು. ನಾನೋ, ಗೈರುಹಾಜರಾಗಿದ್ದ ಮೀಟಿಂಗಿನಲ್ಲಿ ಸರ್ವಾನುಮತದಿಂದ ಕಾರ್ಯದರ್ಶಿಯಾದವನು. ಹಳೆಯ ಪಂಪು ಸುಟ್ಟಾಗ ಡೀಲರ್ ಕಡೆಯ ಹುಡುಗ ಟೇಪು ಹಿಡಿದು ಬಂದ. ಕೊಳ 12 ಮೀಟರ್ ಉದ್ದ, 6 ಮೀಟರ್ ಅಗಲ, ಸರಾಸರಿ ಆಳ 1.25 ಮೀಟರ್. ಅಂದರೆ 90,000 ಲೀಟರ್. 6 ಗಂಟೆಗೊಮ್ಮೆ ಅಷ್ಟೂ ನೀರು ಫಿಲ್ಟರ್ ಹಾದು ಬರಬೇಕು, ಹಾಗಾಗಿ ಗಂಟೆಗೆ 15,000 ಲೀಟರ್. “ಹೆಡ್ಡು 12 ಮೀಟರ್ ಹಿಡಿದರೂ ಒಂದೂವರೆ ಎಚ್‌ಪಿ ಸಾಕು ಸಾರ್,” ಎಂದ.

“ಹನ್ನೆರಡು ಮೀಟರಾ? ಸಾವಿರದಿನ್ನೂರು ಅಡಿಗೆ ಮೋಟ್ರು ಬಿಟ್ಟೋನು ಕಣಯ್ಯ ನಾನು. ಐದು ಹಾಕು!”

“ಅಲ್ಲಿ ನೀರು ಮೇಲಕ್ಕೆತ್ತಬೇಕು ಸಾರ್. ಇಲ್ಲಿ ಕೊಳದಿಂದ ಫಿಲ್ಟರಿಗೆ, ಫಿಲ್ಟರಿಂದ ಕೊಳಕ್ಕೆ ಸುತ್ತಿದರಾಯ್ತು. ಪೈಪು, ಬೆಂಡು, ವಾಲ್ವು, ಫಿಲ್ಟರ್ ಮರಳು ಕೊಡೋ ತಡೆ ಮಾತ್ರ.”

“ಸುತ್ತೋದನ್ನೇ ಜೋರಾಗಿ ಸುತ್ಲಿ!”

ಜೋರಾದರೆ ನೀರು ಮರಳಿನಲ್ಲಿ ದಾರಿ ಕೊರೆದುಕೊಂಡು ಕೊಳೆಯ ಸಮೇತ ಹಿಂದಿರುಗುತ್ತದೆ ಎಂದ ಹುಡುಗ. ಅಂಕಲ್ ಜಗ್ಗಲಿಲ್ಲ. ತಳದ ಜಾಲರಿಯ ಸೆಳೆತ ಹೆಚ್ಚಾದರೆ ಮುಳುಗಿ ಆಡುವ ಮಗುವಿನ ಕೂದಲು ಸಿಕ್ಕಿಕೊಳ್ಳಬಹುದು ಎಂದಾಗ ಮಾತ್ರ ಗಪ್‌ಚಿಪ್. ಅವರ ಮೊಮ್ಮಗಳಿಗೆ ಎರಡು ಜಡೆ. ಸ್ವಲ್ಪ ಹೊತ್ತು ಬಿಟ್ಟು, “ಹಂಗಾದ್ರೆ ಮೂರು ಹಾಕು,” ಎಂದರು.

ಕೊನೆಗೆ ಬಂದದ್ದು ಒಂದೂವರೆ ಎಚ್‌ಪಿಯ ವೇರಿಯಬಲ್ ಸ್ಪೀಡ್ ಪಂಪು. ವೇಗ ಅರ್ಧಕ್ಕಿಳಿಸಿದರೆ ನೀರು ಅರ್ಧವಾಗುತ್ತದೆ, ಕರೆಂಟು ಮಾತ್ರ ಹೆಚ್ಚುಕಡಿಮೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ರಾತ್ರಿಯೆಲ್ಲ ಮೆಲ್ಲಗೆ ಓಡಿಸಿದರೂ ಬಿಲ್ಲು ಹೆದರಿಸುವುದಿಲ್ಲ. ಅಂಕಲ್‌ಗೆ ಇದೂ ದೂರೇ: “ಸದ್ದೇ ಇಲ್ಲ. ಓಡ್ತಿದ್ಯೋ ಮಲಗಿದ್ಯೋ?”

ಅವರ ಹಟದ ಬೇರು ನನಗೆ ಕಂಡದ್ದು 2024ರ ಬೇಸಿಗೆಯಲ್ಲಿ. ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಆ ಮಾರ್ಚ್‌ನಲ್ಲಿ ಜಲಮಂಡಳಿ ಆದೇಶಿಸಿತ್ತು. ಇಳಿಯುತ್ತಿದ್ದ ಕೊಳದ ಪಕ್ಕ ನಿಂತು ಅಂಕಲ್ ತಮ್ಮೂರಿನ ಬಾವಿಯ ವಿಷಯ ತೆಗೆದರು. ಬೆನ್ನಿಗೆ ಸೋರೆಬುರುಡೆ ಕಟ್ಟಿ ಅವರನ್ನು ಅದರೊಳಕ್ಕೆ ತಳ್ಳಿ ಈಜು ಕಲಿಸಿದ್ದರಂತೆ. ಬಾವಿ ಬತ್ತಿತು. ಅದರ ತಳದಲ್ಲೇ ಬೋರು ಕೊರೆಸಿದರು, ಅದೂ ಬತ್ತಿತು. ತೋಟದಲ್ಲಿ ಮತ್ತೊಂದು, ಇನ್ನೂ ಆಳಕ್ಕೆ. ತ್ರೀ ಫೇಸ್ ಕರೆಂಟು ದಿನಕ್ಕೆ ಕೆಲವೇ ಗಂಟೆ, ಎಷ್ಟೋ ಸಲ ನಡುರಾತ್ರಿ. ಬಂದಾಗ ಎಳೆದಷ್ಟೂ ನೀರು ನಮ್ಮದು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಬಿಟ್ಟಿ ಎಂದಮೇಲೆ ಎಂಟನೇ ಒಂದು ಭಾಗದ ಮಹಿಮೆ ಅವರಿಗೆ ಯಾಕೆ ಬೇಕಿತ್ತು?

ಸಿಕ್ಕಾಗ ಬಾಚಿಕೋ ಎಂದು ಬದುಕು ಕಲಿಸಿದವರಿಗೆ ನಿಧಾನವೆಂಬುದು ಸೋಮಾರಿತನದಂತೆ ಕಾಣುತ್ತದೆ. ನಾವು ನಲ್ಲಿ ತಿರುಗಿಸಿ ಬೆಳೆದವರು. ಮಿತಬಳಕೆಯ ಪಾಠವನ್ನು ಅಂಥವರಿಗೇ ಹೇಳಹೊರಡುತ್ತೇವೆ, ಅದೂ ತೊಂಬತ್ತು ಸಾವಿರ ಲೀಟರಿನ ದಂಡೆಯ ಮೇಲೆ ನಿಂತು.

ಇಷ್ಟೆಲ್ಲ ತಿಳಿದ ಮೇಲೂ ಅವರ ಕಾಟ ಕಡಿಮೆಯಾಗಿಲ್ಲ. ಈಗ ಸಂಪಿನ ಮೋಟರ್ ಬದಲಿಸಬೇಕಾಗಿದೆ. ಹುಡುಗನಿಗೆ ಮೊದಲೇ ಹೇಳಿದ್ದೇನೆ: “ಕೊಟೇಶನ್ನಿನಲ್ಲಿ ಅರ್ಧ ಎಚ್‌ಪಿ ಕಮ್ಮಿ ಬರಿ ಮಾರಾಯ. ಅಂಕಲ್‌ಗೆ ಏರಿಸೋಕೆ ಜಾಗ ಇರಲಿ.”